ಬೇರೆಯಾಗದ ಒಲೆ

ನಮ್ಮೂರಿನಲ್ಲಿ ಗಂಡಸಿಗೆ ಮನೆ ಅಂತ ಇರುವುದಿಲ್ಲ. ಹುಟ್ಟುವುದು ಅವ್ವನ ಮನೆಯಲ್ಲಿ, ಬಾಳುವುದು ಹೆಂಡತಿಯ ಮನೆಯಲ್ಲಿ. ಜಗಳವಾಡಿ ಬಿಟ್ಟುಹೋದರೆ ಅವನ ಹಿಂದೆ ಹೋಗುವುದು ಅವನ ಬಟ್ಟೆಗಂಟು, ಹೆಚ್ಚೆಂದರೆ ಅವನು ಸಾಕಿದ ಹಕ್ಕಿಯ ಪಂಜರ. ಮನೆ ಹೆಣ್ಣಿನದು. ಅವ್ವ ಮಗಳಿಗೆ ಕೊಡುತ್ತಾಳೆ, ಆ ಮಗಳು ತನ್ನ ಮಗಳಿಗೆ. ಹೆಂಡತಿಯನ್ನು ನಾವು ಕರೆಯುವುದೇ ಮನೆಯೊಡತಿ ಅಂತ. ಕಡಲಂಚಿನ ಬಂಡಾ ಅಚೆ ನಗರದ ಗದ್ದಲ ನಮ್ಮ ಗದ್ದೆಯಂಚಿಗೆ ಬಂದು ನಿಂತಿದೆ, ಆದರೂ ಈ ಒಂದು ವಿಷಯದಲ್ಲಿ ಊರು ಅಲ್ಲಾಡಿಲ್ಲ. ಅಂಥ ಊರಿನಲ್ಲಿ ನನ್ನ ಕಣ್ಣೆದುರಿಗೇ ಒಂದು ಹೆಣ್ಣುಮಗು ಮನೆಯಿಲ್ಲದವಳಾದಳು. ಅವಳ ಮನೆಯನ್ನು ಕಳೆದದ್ದು ಅವಳ ಅಜ್ಜಿಯ ಅಕ್ಕರೆ. ಆ ಅಜ್ಜಿ ರುಹಾನಿ, ನನ್ನ ಪಕ್ಕದ ಮನೆಯವಳು, ನನಗೆ ಒಡಹುಟ್ಟಿದ ಅಕ್ಕನಿಗಿಂತ ಹೆಚ್ಚಾಗಿದ್ದವಳು.

ರುಹಾನಕ್ಕನ ಬಾಯಿ ದೊಡ್ಡದು, ಕೈಯೂ ದೊಡ್ಡದು. ಗಂಡ ಸತ್ತಾಗ ಮಗ ತರ್ಮಿಜಿ ಇನ್ನೂ ಶಾಲೆಗೆ ಹೋಗುತ್ತಿದ್ದ, ಮಗಳು ಮರ್ದಿಯಾ ಸೊಂಟದ ಮೇಲಿದ್ದಳು. ನಾಟಿ ಮಾಡಿ, ಕೊಯ್ದು, ಕಂಡವರ ಮನೆಯ ಕಾರ್ಯಗಳಿಗೆ ಅಡುಗೆ ಮಾಡಿ ಇಬ್ಬರನ್ನೂ ದಡ ಸೇರಿಸಿದಳು. ಮದುವೆಯಿರಲಿ, ಸಾವಿರಲಿ, ಪ್ರವಾದಿಯವರ ಹುಟ್ಟಿದ ದಿನವಿರಲಿ, ಊರಿನ ದೊಡ್ಡ ಹಂಡೆಯ ಮುಂದೆ ಸೌಟು ಹಿಡಿದು ನಿಲ್ಲುವವಳು ಅವಳೇ. ಬಾಯಿಗೆ ಹಾಕಿಕೊಳ್ಳುವುದೂ ಬೇಡ, ಆವಿ ಮೂಸಿ ಉಪ್ಪು ಸಾಲದು ಅನ್ನುತ್ತಿದ್ದಳು. ಉಳಿದವರು ನಾವು ತೆಂಗಿನಕಾಯಿ ತುರಿಯುತ್ತಾ ಅವಳ ಬೈಗುಳ ತಿನ್ನುತ್ತಿದ್ದೆವು.

ಅವಳ ಮನೆ ಅವಳ ಅಜ್ಜಿಯ ಕಾಲದ್ದು. ಎತ್ತರದ ಕಂಬಗಳ ಮೇಲೆ ನಿಂತ ಮರದ ಮನೆ. ಒಂದು ಮೊಳೆ ಇಲ್ಲ, ಎಲ್ಲ ಬೆಣೆಯ ಬಿಗಿ. ಮೆಟ್ಟಿಲ ಬುಡದಲ್ಲಿ ಬಂದವರು ಕಾಲು ತೊಳೆಯಲು ಒಂದು ಮಣ್ಣಿನ ಬಾನಿ. ನಗರದ ರಸ್ತೆ ಆಗ ಅಲ್ಲಿಂದ ದೂರವಿತ್ತು.

ಬೇರೆ ಕಡೆಗಳಲ್ಲಿ ಒಲೆ ಬೇರೆಯಾಯಿತು ಎಂದರೆ ಮನೆ ಒಡೆಯಿತು ಎಂದು ಅರ್ಥವಂತೆ. ನಮ್ಮಲ್ಲಿ ಅದು ಊಟ ಹಾಕಿಸಿ ಮಾಡುವ ಶುಭಕಾರ್ಯ. ಮಗಳಿಗೆ ಮದುವೆಯಾಗಿ ಒಂದು ಮಗುವಾಗುವವರೆಗೆ ಅವಳೂ ಅಳಿಯನೂ ಅವ್ವನ ಗಡಿಗೆಯಲ್ಲೇ ಉಣ್ಣುತ್ತಾರೆ. ಆಮೇಲೆ ಒಂದು ಒಳ್ಳೆಯ ದಿನ ನೋಡಿ ಅವ್ವ ಊರ ಹಿರಿಯರನ್ನು ಕರೆಯುತ್ತಾಳೆ. ಮಗಳ ಕೈಗೆ ಹೊಸ ಗಡಿಗೆ, ಅಕ್ಕಿ, ಉಪ್ಪು ಕೊಟ್ಟು ಅವರೆಲ್ಲರ ಮುಂದೆ ಬಾಯಿಬಿಟ್ಟು ಹೇಳುತ್ತಾಳೆ: ಈ ಮನೆ ಇವತ್ತಿನಿಂದ ನಿನ್ನದು. ಅಷ್ಟು ಹೇಳಿ ತಾನು ಹಿತ್ತಿಲಿನ ಚಿಕ್ಕ ಮನೆಗೆ ಹೋಗಿ ತನ್ನ ಪಾಡಿಗೆ ತಾನು ಬೇಯಿಸಿಕೊಳ್ಳುತ್ತಾಳೆ. ಆ ಮಾತು ಹೊರಬಿದ್ದರೆ ಮನೆ ಮಗಳದು. ಹೊರಬೀಳದಿದ್ದರೆ ಅವ್ವನದೇ.

ಮರ್ದಿಯಾಗೆ ಮದುವೆಯಾಯಿತು. ಸಫ್ರಿನಾ ಹುಟ್ಟಿದಳು. ರುಹಾನಕ್ಕ ಅನ್ನದ ತಪ್ಪಲೆ, ಸಾರಿನ ಮಣ್ಣಿನ ಗಡಿಗೆ, ತೆಂಗಿನಚಿಪ್ಪಿನ ಸೌಟು ಎಲ್ಲ ಕೊಂಡು ತಂದು ಬಟ್ಟೆ ಸುತ್ತಿ ಅಟ್ಟದಲ್ಲಿಟ್ಟಳು. ಹಿತ್ತಿಲಿನಲ್ಲಿ ತನಗೊಂದು ಚಿಕ್ಕ ಮನೆಯನ್ನೂ ಕಟ್ಟಿಸಿದಳು. ಕಾರ್ಯ ಮಾತ್ರ ಆಗಲಿಲ್ಲ. ಹಿತ್ತಿಲ ಮನೆಯಲ್ಲಿ ಕೋಳಿಗಳು ಮಲಗತೊಡಗಿದವು.

"ಏನಕ್ಕಾ, ಕೋಳಿಗೆಲ್ಲ ಮನೆ ಕೊಟ್ಟಾಯ್ತು, ಮಗಳಿಗೆ ಯಾವಾಗ?" ಎಂದು ನಾನು ಬೇಲಿಯ ಈಚೆಯಿಂದ ಕೆಣಕುತ್ತಿದ್ದೆ.

"ಈ ಕೊಯ್ಲೊಂದು ಮುಗೀಲಿ ಬಿಡೇ."

"ಹೋದ ಕೊಯ್ಲಲ್ಲೂ ಇದನ್ನೇ ಅಂದೆ."

"ಅವಳಿಗೆ ಉಪ್ಪಿನ ಅಂದಾಜೇ ಇಲ್ಲ ಕಣೇ ಬದ್ರಿಯಾ! ಇವತ್ತು ಬೇರೆ ಮಾಡಿದ್ರೆ ನಾಳೆ ಬೆಳಿಗ್ಗೆ ಅಳಿಯ ಪಂಜರ ಹಿಡ್ಕೊಂಡು ಹೊರಟುಬಿಡ್ತಾನೆ."

ಒಳಗಿನಿಂದ ಮರ್ದಿಯಾ ನಗುತ್ತಿದ್ದಳು. "ಚಿಕ್ಕಮ್ಮಾ, ನಾನು ಎಷ್ಟು ಸರಿಯಾಗಿ ಹಾಕಿದ್ರೂ ಇವಳು ಬಂದು ಇನ್ನೊಂದು ಚಿಟಿಕೆ ಹಾಕಿ, ಆಮೇಲೆ ಜಾಸ್ತಿ ಆಯ್ತು ಅಂತಾಳೆ."

ನಿಜ ಅದೇ. ನಾನೇ ಕಣ್ಣಾರೆ ಕಂಡಿದ್ದೆ. ರುಹಾನಕ್ಕನಿಗೆ ಮಗಳನ್ನು ಬಿಟ್ಟು ಒಂದು ತುತ್ತು ಇಳಿಯುತ್ತಿರಲಿಲ್ಲ. ಮೀನಿನ ತಲೆ ಮಗಳ ತಟ್ಟೆಗೆ, ಮಗಳು ತಿಂದು ಬಿಟ್ಟ ಅಂಚಿನ ಅನ್ನ ತನ್ನ ಬಾಯಿಗೆ. ಹಿತ್ತಿಲಿನಲ್ಲಿ ಒಬ್ಬಳೇ ಕೂತು ಉಣ್ಣುವ ದಿನವನ್ನು ಅವಳು ಒಂದೊಂದೇ ಕೊಯ್ಲು ಮುಂದಕ್ಕೆ ತಳ್ಳುತ್ತಿದ್ದಳು. ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಮನೆ ಎಲ್ಲಿಗೆ ಹೋಗುತ್ತದೆ, ಮಗಳು ಎಲ್ಲಿಗೆ ಹೋಗುತ್ತಾಳೆ ಎಂದು ನಾವೂ ನಗುತ್ತಿದ್ದೆವು.

ಮಗಳು ಹೋದದ್ದು ಮೀನು ತರಲು. ಅದು ಭಾನುವಾರ. ರುಹಾನಕ್ಕನಿಗೆ ಬಿಂಬುಳಿ ಹುಳಿಕಾಯಿ ಹಾಕಿದ ಮೀನುಸಾರು ತಿನ್ನುವ ಆಸೆಯಾಗಿತ್ತು. "ಕಡಲ ಹತ್ತಿರದ ಸಂತೇಲಿ ತಗೊಂಡು ಬಾ, ನಮ್ಮೂರವನು ನಿನ್ನೆ ಮೊನ್ನೆದು ಕೊಡ್ತಾನೆ" ಎಂದು ಮಗಳನ್ನೂ ಅಳಿಯನನ್ನೂ ಮೋಟಾರ್ ಸೈಕಲ್ ಮೇಲೆ ಅಟ್ಟಿದಳು. ಮಗು ಸಫ್ರಿನಾ ಅಜ್ಜಿಯ ಹತ್ತಿರ ಉಳಿದಳು. ನೆಲ ನಡುಗಿತು, ನಿಂತಿತು. ಸ್ವಲ್ಪ ಹೊತ್ತಿಗೆ ಜನ ರಸ್ತೆಯಲ್ಲಿ ನೀರು ನೀರು ಎಂದು ಕೂಗುತ್ತಾ ಓಡಿಬಂದರು. ಕಡಲು ನಮ್ಮ ಗದ್ದೆಗೆ ಬರಲಿಲ್ಲ, ಅದಕ್ಕೆ ಮೊದಲೇ ನಿಂತಿತು. ರುಹಾನಕ್ಕನ ಮನೆಯ ಒಂದು ಬೆಣೆಯೂ ಸಡಿಲವಾಗಲಿಲ್ಲ. ಮರ್ದಿಯಾ, ಅವಳ ಗಂಡ, ಆ ಸಂತೆ, ಸಂತೆಯ ಬೀದಿ ಯಾವುದೂ ಸಿಗಲಿಲ್ಲ. ಹೆಸರು ಗೊತ್ತಿಲ್ಲದವರನ್ನೆಲ್ಲ ಒಟ್ಟಿಗೆ ಮಣ್ಣು ಮಾಡಿದ ಜಾಗಕ್ಕೆ ತರ್ಮಿಜಿ ಹೋಗಿ ಪ್ರಾರ್ಥಿಸಿ ಬಂದ. ರುಹಾನಕ್ಕ ಹೋಗಲಿಲ್ಲ.

"ನಾನು ಯಾಕೆ ಬರ್ಲಿ? ನನ್ನ ಮಗಳು ಅಲ್ಲಿದ್ದಾಳೆ ಅಂತ ಯಾರು ಕಂಡಿದ್ದಾರೆ?" ಎಂದಳು.

ಇಲ್ಲಿಂದ ಮುಂದಿನದನ್ನು ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ, ಅವಳ ಮೇಲೂ, ಊರಿನ ಮೇಲೂ. ಏಕೆಂದರೆ ನಮ್ಮಲ್ಲಿ ಇನ್ನೊಂದು ಕಟ್ಟಳೆ ಇದೆ. ಅಜ್ಜಿ ಬದುಕಿರುವಾಗಲೇ ತಾಯಿ ಸತ್ತರೆ ಮೊಮ್ಮಗುವಿಗೆ ಅಜ್ಜಿಯ ಆಸ್ತಿಯಲ್ಲಿ ಪಾಲಿಲ್ಲ. ಸಂಕ ಮುರಿಯಿತು ಅನ್ನುತ್ತೇವೆ. ಈ ದಡದಲ್ಲಿ ಅಜ್ಜಿ, ಆ ದಡದಲ್ಲಿ ಮೊಮ್ಮಗು, ನಡುವಿನ ಹಲಗೆ ಇಲ್ಲ. ಅಜ್ಜಿ ಬದುಕಿರುವಾಗಲೇ ಹಿರಿಯರ ಮುಂದೆ ಮೊಮ್ಮಗಳ ಹೆಸರೆತ್ತಿ ಕೊಟ್ಟರೆ ಮಾತ್ರ ಆಯಿತು. ನಾನು ಹೇಳಿದೆ. ಬೇಡಿಕೊಂಡೆ. ಕೊನೆಗೆ ಜಗಳವನ್ನೇ ಆಡಿದೆ.

"ಮಗು ಹೆಸರಿಗೆ ಕೊಟ್ಟುಬಿಡಕ್ಕಾ. ಒಂದು ಊಟ, ಒಂದು ಮಾತು. ಅಡುಗೆ ನಾನೇ ಮಾಡ್ತೀನಿ."

"ಮರ್ದಿಯಾಗೆ ಅಂತ ಇಟ್ಟಿರೋ ಮನೇನ ಇನ್ನೊಬ್ಬರಿಗೆ ಹ್ಯಾಗೆ ಕೊಡ್ಲಿ? ನಾಳೆ ಅವಳು ಬಂದು ಅವ್ವಾ ನನ್ನ ಮನೆ ಎಲ್ಲಿ ಅಂದ್ರೆ?"

"ಅವಳು ಬರಲ್ಲ ಅಕ್ಕಾ."

ಅವತ್ತು ಅವಳು ಬೇಲಿಯ ಆಚೆಯಿಂದ ನನ್ನ ಮೇಲೆ ನೀರೆರಚಿದಳು. ಒಂದು ಹಬ್ಬದಿಂದ ಇನ್ನೊಂದು ಹಬ್ಬದವರೆಗೆ ನನ್ನ ಜೊತೆ ಮಾತಾಡಲಿಲ್ಲ. ಮೊಮ್ಮಗಳಿಗೆ ಮನೆ ಕೊಡುವುದೆಂದರೆ ಮಗಳು ಸತ್ತಳು ಎಂದು ತನ್ನ ಬಾಯಿಂದಲೇ ಹೇಳಿದ ಹಾಗೆ. ಮೀನಿಗೆ ಕಳಿಸಿದ್ದೂ ಅದೇ ಬಾಯಿ. ಅದು ನನಗೆ ಅರ್ಥವಾಗುತ್ತಿತ್ತು. ಅರ್ಥವಾದರೆ ಏನು ಬಂತು, ಸಿಟ್ಟು ಇಳಿಯುತ್ತದೆಯೇ?

ಸಫ್ರಿನಾ ಆ ಮನೆಯಲ್ಲೇ ಬೆಳೆದಳು. ಮಾತು ಕಡಿಮೆ, ಕೆಲಸ ಹೆಚ್ಚು. ಮುಖ ಥೇಟ್ ಮರ್ದಿಯಾಳದು. ನಗರದ ಜನ ಕಡಲಿಗೆ ಹೆದರಿ ನಮ್ಮ ಕಡೆಗೆ ಸರಿದರು. ರಸ್ತೆ ಅಗಲವಾಗಿ ರುಹಾನಕ್ಕನ ಅಂಗಳದವರೆಗೆ ಬಂತು, ಎದುರಿನ ಗದ್ದೆಯಲ್ಲಿ ಸಾಲು ಅಂಗಡಿಗಳೆದ್ದವು. ಯಾರೂ ಕೇಳದಿದ್ದ ನೆಲವನ್ನು ಕಾರಿನಲ್ಲಿ ಬಂದವರು ಇಳಿದು ನೋಡತೊಡಗಿದರು. ಅದೇ ಹೊತ್ತಿಗೆ ರುಹಾನಕ್ಕನ ತಲೆಯಲ್ಲಿ ಕಾಲ ಕಲಸಿಹೋಗತೊಡಗಿತು. ಮೊದಮೊದಲು ಪಾತ್ರೆ ಇಟ್ಟ ಜಾಗ ಮರೆತಳು, ಆಮೇಲೆ ದಾರಿ ಮರೆತಳು. ಕೊನೆಗೆ ಸಫ್ರಿನಾಳನ್ನು ಮರ್ದಿಯಾ ಎಂದು ಕರೆಯತೊಡಗಿದಳು. ಅವಳ ಪಾಲಿಗೆ ಕೆಲವು ದಿನ ಮಗಳು ಮೀನಿಗೆ ಹೋಗಿರುತ್ತಿದ್ದಳು, ಕೆಲವು ದಿನ ಮನೆಯಲ್ಲೇ ಇರುತ್ತಿದ್ದಳು. ಹುಡುಗಿ ಎರಡಕ್ಕೂ ಹೂಂ ಅನ್ನುತ್ತಿದ್ದಳು.

ಇನ್ನು ತರ್ಮಿಜಿ. ಅವನನ್ನು ಕೆಟ್ಟವನು ಎಂದು ಹೇಳಿಬಿಟ್ಟರೆ ನನಗೂ ಸಮಾಧಾನವಾಗುತ್ತಿತ್ತು. ಆದರೆ ಅವನು ಕೆಟ್ಟವನಲ್ಲ. ಲಾರಿ ಓಡಿಸುತ್ತಾನೆ, ಪಕ್ಕದೂರಿನಲ್ಲಿ ಹೆಂಡತಿಯ ಮನೆಯಲ್ಲಿ ಬಾಳುತ್ತಾನೆ, ಮೂವರೂ ಹೆಣ್ಣುಮಕ್ಕಳೇ. ಮೂವರಿಗೂ ಮನೆ ಕೊಡಬೇಕು, ಅವನ ಕೈಯಲ್ಲಿ ಒಂದು ಕಂಬ ನೆಡುವಷ್ಟು ನೆಲವಿಲ್ಲ. ದೊಡ್ಡವಳಿಗೆ ಬಂದ ನಂಟು ಇದೇ ಮಾತಿಗೆ ಮುರಿದುಬಿದ್ದಿತ್ತು. ಅವನು ಅವ್ವ ಇರುವಾಗಲೇ ಇತ್ಯರ್ಥವಾಗಲಿ, ನಾಳೆ ಹೆಣದ ಮುಂದೆ ಜಗಳ ಬೇಡ ಎಂದು ಹಿರಿಯರನ್ನು ಕರೆಸಿದ.

ಅವರೆಲ್ಲ ಮೇಲೆ ಬಂದು ಮುಂದಿನ ಪಡಸಾಲೆಯ ಚಾಪೆಯ ಮೇಲೆ ಕೂತರು. ಒಳಗೆ ಸಫ್ರಿನಾ ಬಂದವರಿಗೆ ಅಡುಗೆ ಮಾಡುತ್ತಿದ್ದಳು. ಊರಿನ ಪ್ರಾರ್ಥನೆ ನಡೆಸುವ ಗುರುಗಳು, ತುಂಕು ಅನ್ನುತ್ತೇವೆ, ಅವರು ಮೆದು ಮನುಷ್ಯ. ಅವರು ರುಹಾನಕ್ಕನ ಮುಂದೆ ಬಗ್ಗಿ ಕೇಳಿದರು.

"ತಾಯೀ, ಜ್ಞಾಪಕ ಮಾಡಿಕೊಂಡು ಹೇಳಿ. ಮರ್ದಿಯಾಳ ಒಲೆ ಬೇರೆ ಮಾಡಿದ್ದಿರಾ?"

ನಾನು ಬಾಗಿಲಲ್ಲಿ ನಿಂತಿದ್ದೆ. ಹೂಂ ಅನ್ನು ಅಕ್ಕಾ, ಒಂದೇ ಒಂದು ಸಲ ಹೂಂ ಅನ್ನು ಎಂದು ಮನಸ್ಸಿನಲ್ಲೇ ಬೇಡುತ್ತಿದ್ದೆ. ಅವಳು ಅಂದಿದ್ದರೆ ಮನೆ ಮರ್ದಿಯಾಳದಾಗುತ್ತಿತ್ತು, ಮರ್ದಿಯಾಳದಾದರೆ ಸಫ್ರಿನಾಳದಾಗುತ್ತಿತ್ತು. ತುಂಕು ಕೂಡ ಅದಕ್ಕೇ ಕಾದಿದ್ದರು ಅನ್ನಿಸುತ್ತದೆ. ರುಹಾನಕ್ಕ ಎಲ್ಲರ ಮುಖ ನೋಡಿ ನಕ್ಕಳು.

"ಇನ್ನೂ ಇಲ್ಲಪ್ಪ. ಉಪ್ಪಿನ ಅಂದಾಜೇ ಇಲ್ಲ ಅವಳಿಗೆ. ಮೀನಿಗೆ ಹೋಗಿದ್ದಾಳೆ. ಬರ್ಲಿ, ಈ ಕೊಯ್ಲೊಂದು ಮುಗೀಲಿ."

ಊರಿನ ಮುಖ್ಯಸ್ಥ ಕೆಮ್ಮಿದ. ತುಂಕು ಕಣ್ಣು ಮುಚ್ಚಿಕೊಂಡು, ಹಾಗಾದರೆ ತಾಯಿಯ ಕಾಲಾನಂತರ ಮನೆ ಮಗನದು, ಅಲ್ಲಿಯವರೆಗೆ ಯಾರೂ ಮುಟ್ಟಬಾರದು ಎಂದರು. ತರ್ಮಿಜಿ ತಲೆ ತಗ್ಗಿಸಿಕೊಂಡು ಒಪ್ಪಿದ. ಸಫ್ರಿನಾ ಅಡುಗೆಮನೆಯಲ್ಲಿ ಎಲ್ಲ ಕೇಳಿಸಿಕೊಂಡಳು. ಅವಳ ಕೈ ನಿಲ್ಲಲಿಲ್ಲ. ತಟ್ಟೆಗಳನ್ನು ಒಂದೊಂದಾಗಿ ತಂದಿಟ್ಟಳು, ಅಜ್ಜಿಗೆ ಕೊನೆಗೆ ಬಡಿಸಿದಳು.

ಬಿಂಬುಳಿ ಹಾಕಿದ ಮೀನುಸಾರು. ರುಹಾನಕ್ಕ ಒಂದು ತುತ್ತು ಬಾಯಿಗಿಟ್ಟಳು. ಅಗಿಯುವುದನ್ನು ನಿಲ್ಲಿಸಿದಳು. ಇನ್ನೊಂದು ತುತ್ತು. ಆಮೇಲೆ ತಲೆಯೆತ್ತಿ ಮೊಮ್ಮಗಳ ಮುಖವನ್ನೇ ನೋಡಿದಳು.

"ಉಪ್ಪು ಸರಿಯಾಗಿದೆ ಕಣೇ ಮರ್ದಿಯಾ" ಎಂದಳು.

ಕೈ ತೊಳೆದುಕೊಂಡಳು, ಎದ್ದಳು. ನಡೆಯಲು ಗೋಡೆ ಹಿಡಿಯುತ್ತಿದ್ದವಳು ಅವತ್ತು ಏನನ್ನೂ ಹಿಡಿಯಲಿಲ್ಲ. "ಬದ್ರಿಯಾ, ಅಟ್ಟದ ಮೇಲಿರೋದನ್ನ ಇಳಿಸೇ" ಎಂದು ಹಿಂದಿನ ಗತ್ತಿನಲ್ಲೇ ನನಗೆ ಹೇಳಿದಳು. ತಪ್ಪಲೆ, ಗಡಿಗೆ, ಸೌಟು ಇಳಿಸಿದೆ. ಸುತ್ತಿದ ಬಟ್ಟೆ ಮುಟ್ಟಿದರೆ ಪುಡಿಯಾಗುತ್ತಿತ್ತು. ಅದನ್ನೆಲ್ಲ ಹುಡುಗಿಯ ಮಡಿಲಿಗೆ ಹಾಕಿ, ತಲೆಯ ಮೇಲೆ ಅಕ್ಕಿ ಚೆಲ್ಲಿ, ಎಲೆಯಿಂದ ನೀರು ಚಿಮುಕಿಸಿ, ಹಿರಿಯರ ಕಡೆ ತಿರುಗಿ, ಒಂದು ಮಾತೂ ತಪ್ಪದೆ ಹೇಳಿದಳು:

"ಮರ್ದಿಯಾ, ಇವತ್ತಿಂದ ಈ ಮನೆ ನಿಂದು. ಈ ಒಲೆ ನಿಂದು, ಈ ಗಡಿಗೆ ನಿಂದು, ಬಾವಿ ಪಕ್ಕದ ತಾಕು ನಿಂದು. ನಾನು ಹಿತ್ತಿಲಿಗೆ ಹೋಗ್ತೀನಿ. ಕರೆದ್ರೆ ಬರ್ತೀನಿ, ಕರೀದಿದ್ರೆ ಬರಲ್ಲ. ಹಿರೀರು ಕೇಳಿಸ್ಕೊಂಡ್ರಿ ತಾನೆ?"

"ಕೇಳಿಸ್ಕೊಂಡ್ವಿ ತಾಯೀ" ಎಂದರು ತುಂಕು. ಅವರ ಗಡ್ಡ ಒದ್ದೆಯಾಗಿತ್ತು. ತರ್ಮಿಜಿ ಮುಖ ಮುಚ್ಚಿಕೊಂಡು ಮಗುವಿನಂತೆ ಅತ್ತ.

ನಾನು ತುಂಕುವನ್ನು ಮೆಟ್ಟಿಲ ಬುಡದಲ್ಲಿ ಅಡ್ಡಗಟ್ಟಿದೆ. "ಆಯ್ತಲ್ಲ? ನೀವೆಲ್ಲ ಕೇಳಿಸ್ಕೊಂಡ್ರಲ್ಲ?"

"ಸತ್ತವಳಿಗೆ ಕೊಟ್ಟಳಮ್ಮ. ಬುದ್ಧಿ ಸ್ಥಿಮಿತದಲ್ಲಿ ಇಲ್ಲದವರ ದಾನ ಲೆಕ್ಕಕ್ಕೆ ಬರಲ್ಲ."

"ಇನ್ನೂ ಇಲ್ಲ ಅಂದದ್ದೂ ಅದೇ ಬಾಯಲ್ವಾ? ಆಗ ಬುದ್ಧಿ ಇತ್ತು, ಒಂದು ಊಟ ಆಗೋಷ್ಟರಲ್ಲಿ ಹೊರಟುಹೋಯ್ತಾ?"

ಅವರು ಬಾನಿಯ ನೀರನ್ನೇ ನೋಡುತ್ತಾ ನಿಂತರು. "ಇನ್ನೂ ಇಲ್ಲ ಅನ್ನೋದು ಊರಿಗೇ ಗೊತ್ತಿದ್ದ ನಿಜ ಬದ್ರಿಯಾ. ಅವಳು ಹೇಳದೇ ಇದ್ದಿದ್ರೂ ಅದು ನಿಜಾನೇ. ಹೀಗಾಗೋದು ನನಗೇನು ಬೇಕಿತ್ತಾ?" ಎಂದು ಚಪ್ಪಲಿ ಮೆಟ್ಟಿಕೊಂಡು ಹೋದರು.

ಕೊಟ್ಟ ಮಾತನ್ನು ಊರು ನಡೆಸಲಿಲ್ಲ. ನಡೆಸಿದವಳು ರುಹಾನಕ್ಕ ಒಬ್ಬಳೇ. ಅವತ್ತೇ ಚಾಪೆ ಸುತ್ತಿಕೊಂಡು ಹಿತ್ತಿಲ ಮನೆಗೆ ಹೊರಟುನಿಂತಳು. ಸಫ್ರಿನಾ ಕೋಳಿಗಳನ್ನು ಓಡಿಸಿ, ನೆಲ ತೊಳೆದು, ಅಜ್ಜಿಗೊಂದು ಒಲೆ ಹೂಡಿಕೊಟ್ಟಳು. ಹೆಸರು ಮರೆತ, ದಾರಿ ಮರೆತ ಮುದುಕಿ ಈ ಒಂದನ್ನು ಮರೆಯಲಿಲ್ಲ. ದಿನಾ ಸಂಜೆ ಅಂಗಳ ಸುತ್ತಿ ಮುಂದಿನ ಮೆಟ್ಟಿಲಿಗೆ ಬಂದು, ಹೊರಗಿನವರ ಹಾಗೆ ಬಾನಿಯಲ್ಲಿ ಕಾಲು ತೊಳೆದು ಕೂಗುತ್ತಿದ್ದಳು: "ಮನೆಯೊಡತೀ, ಇದ್ದೀಯೇನೇ?"

"ಇದ್ದೀನಿ, ಬಾ ಅವ್ವಾ" ಎನ್ನುತ್ತಿದ್ದಳು ಸಫ್ರಿನಾ.

ಕರೆದ ಮೇಲೇ ಅವಳು ಮೇಲೆ ಹತ್ತುತ್ತಿದ್ದಳು. ಮಗಳ ಗಡಿಗೆಯಲ್ಲಿ ಉಂಡು, ಚೆನ್ನಾಗಿದೆ ಎಂದು ಹೇಳಿ ಹಿತ್ತಿಲಿಗೆ ಮರಳುತ್ತಿದ್ದಳು. ಇಷ್ಟು ಸುಲಭದ ಕೆಲಸವನ್ನು ಅವಳು ಒಂದು ಜನ್ಮವಿಡೀ ಮುಂದೂಡಿದ್ದಳಲ್ಲ ಎಂದು ಬೇಲಿಯ ಈಚೆ ನಿಂತು ನಾನು ಮರುಗುತ್ತಿದ್ದೆ. ಮುಂದಿನ ನಾಟಿಯ ಹೊತ್ತಿಗೆ ಅವಳು ಆ ಹಿತ್ತಿಲ ಮನೆಯಲ್ಲೇ, ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ತೀರಿಕೊಂಡಳು. ಮಗಳಿಗೆ ಮನೆ ಕೊಟ್ಟೇ ಹೋದೆ ಎಂಬ ನೆಮ್ಮದಿ ಅವಳಿಗಿತ್ತು. ಅಷ್ಟಾದರೂ ಇತ್ತು.

ತರ್ಮಿಜಿ ಅವಸರ ಮಾಡಲಿಲ್ಲ. ಸತ್ತವಳ ಕಾರ್ಯಗಳೆಲ್ಲ ಮುಗಿದ ಮೇಲೆ ಒಂದು ದಿನ ಬಂದು ನೆಲದ ಮೇಲೆ ಕೂತ. "ಸಫ್ರಿನಾ, ನಮ್ಮಲ್ಲಿಗೆ ಬಾ ಅನ್ನೋಣ ಅಂದ್ರೆ ಆ ಮನೆ ನಂದಲ್ಲಮ್ಮ, ನಿನ್ನ ಅತ್ತೇದು."

"ಗೊತ್ತು ಮಾವ. ದೊಡ್ಡವಳ ಮದುವೆ ಆಗ್ಲಿ ಮೊದ್ಲು" ಎಂದಳು ಅವಳು. ಒಂದು ಬಿರುಸು ಮಾತು ಆಡಿದ್ದರೂ ಅವನಿಗೆ ಹಗುರವಾಗುತ್ತಿತ್ತೇನೋ.

ನೆಲವನ್ನು ಅಂಗಡಿ ಕಟ್ಟುವವರು ಕೊಂಡರು, ಮನೆಯನ್ನು ನಗರದ ಯಾರೋ ಹೋಟೆಲಿನವರು. ಬೆಣೆಗಳನ್ನು ಬಡಿದು ಬಡಿದು ತೆಗೆದರು. ಸಂಜೆಯೊಳಗೆ ಆ ಮನೆ ಲಾರಿಯ ಮೇಲೆ ಮಲಗಿತ್ತು. ಮೆಟ್ಟಿಲಿಲ್ಲದ ಜಾಗದಲ್ಲಿ ಬಾನಿಯೊಂದು ನಿಂತಿತ್ತು, ಯಾರೋ ಅದನ್ನೂ ಹೊತ್ತುಕೊಂಡು ಹೋದರು. ಸಫ್ರಿನಾ ನಗರದಲ್ಲಿ ಬಟ್ಟೆ ಅಂಗಡಿಯ ಕೆಲಸಕ್ಕೆ ಸೇರಿ ಒಂದು ಬಾಡಿಗೆ ಕೋಣೆ ಹಿಡಿದಳು. ನಮ್ಮೂರ ಹೆಣ್ಣು, ಬಾಡಿಗೆ ಕೋಣೆಯಲ್ಲಿ! ನನ್ನ ಬಳಿ ಇಟ್ಟುಕೊಳ್ಳೋಣವೆಂದರೆ ನನ್ನ ಮನೆಯನ್ನೂ ನಾನು ಎಂದೋ ಮಗಳಿಗೆ ಕೊಟ್ಟಾಗಿತ್ತು. ಹಿತ್ತಿಲಿನಲ್ಲಿ ನನ್ನದೊಂದು ಚಾಪೆ, ಒಂದು ಒಲೆ. ಹುಡುಗಿ ತನ್ನ ತಪ್ಪಲೆ, ಗಡಿಗೆ, ಸೌಟನ್ನು ತೊಡೆಯ ಮೇಲಿಟ್ಟುಕೊಂಡು ಆಟೋ ಹತ್ತಿದಳು. ಮನೆಯೊಡತೀ, ಹುಷಾರು ಎಂದು ಕರೆದು ಹೇಳಬೇಕೆಂದಿದ್ದೆ.

ಉಪವಾಸದ ತಿಂಗಳು ಹಿಡಿಯುವ ಮುಂಚಿನ ದಿನ ನಮ್ಮಲ್ಲಿ ಎಂಥ ಬಡವರ ಮನೆಯಲ್ಲೂ ಮಾಂಸ ಬೇಯಲೇಬೇಕು. ಈ ಸಲ ಆ ದಿನ ಬೆಳಿಗ್ಗೆ ನನ್ನ ಹಿತ್ತಿಲ ಬಾಗಿಲಲ್ಲಿ ಸಫ್ರಿನಾ ನಿಂತಿದ್ದಳು. ಒಂದು ಕೈಯಲ್ಲಿ ಎಲೆಯಲ್ಲಿ ಕಟ್ಟಿದ ಮಾಂಸ, ಇನ್ನೊಂದು ಕೈಯಲ್ಲಿ ಅದೇ ಗಡಿಗೆ.

"ಅಜ್ಜೀ, ಆ ಕೋಣೇಲಿ ಒಲೆ ಹಚ್ಚೋ ಹಾಗಿಲ್ಲ. ಇಲ್ಲಿ ಬೇಯಿಸ್ಕೊಳ್ಲಾ?"

ನಾನು ಒಲೆಯ ಮುಂದಿನಿಂದ ಎದ್ದು ಜಾಗ ಬಿಟ್ಟೆ. ಅವಳು ಮಸಾಲೆ ಅರೆದಳು, ಒಗ್ಗರಣೆ ಹಾಕಿದಳು, ಬೇಯುವವರೆಗೆ ಒಲೆಯ ಮುಂದೆಯೇ ಕೂತಳು. ಆಮೇಲೆ ಸೌಟಿನಲ್ಲಿ ಸ್ವಲ್ಪ ಸಾರು ತೆಗೆದು ನನ್ನ ಅಂಗೈಗೆ ಹಾಕಿದಳು. ನೆಕ್ಕಿ ನೋಡಿದೆ. ಅವಳಜ್ಜಿ ಮಾಡಿದ್ದಕ್ಕೂ ಇದಕ್ಕೂ ಒಂದು ಉಪ್ಪಿನ ಹರಳಿನಷ್ಟೂ ವ್ಯತ್ಯಾಸವಿರಲಿಲ್ಲ.

"ಉಪ್ಪು ಹೇಗಿದೆ ಅಜ್ಜೀ?"

"ಸಾಲದು ಕಣೇ" ಎಂದೆ. "ನಿನಗಿನ್ನೂ ಅಂದಾಜು ಸಿಕ್ಕಿಲ್ಲ. ಪ್ರತಿ ವಾರ ಬಂದು ಇಲ್ಲೇ ಮಾಡಿ ಕಲಿ."